ವಕೀಲರ ಪಡಸಾಲೆಗೆ ಬಂದ ಹೊಲ

1858ರಲ್ಲಿ ನರಗುಂದ ಬಂಡೆದ್ದದ್ದರ ಹಿಂದೆ ಒಂದು ದತ್ತಕದ ಅರ್ಜಿ ಇತ್ತು. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಕಂಪನಿ ಸರ್ಕಾರದ ಅನುಮತಿ ಕೇಳಿದ. ಸಿಗಲಿಲ್ಲ. ಅದೇ ಕಾಲಕ್ಕೆ ಇನಾಂ ಕಮಿಶನ್ ಊರೂರು ತಿರುಗಿ, ಇನಾಂ ಭೂಮಿ ಉಣ್ಣುತ್ತಿದ್ದವರನ್ನು ಹಿಡಿದು ಸನದು ತೋರಿಸಿ ಎನ್ನುತ್ತಿತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆಯಾಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಬಂಡಾಯ ಅಡಗಿತು, ಜಗಳದ ವಿಷಯ ಅಡಗಲಿಲ್ಲ. ದತ್ತಕ, ಸನದು, ಇನಾಂ, ವತನ ಇವೇ ಮುಂದಿನ ನೂರು ವರ್ಷ ನವಲಗುಂದ, ಅಣ್ಣಿಗೇರಿ, ಕಲಘಟಗಿ ಕಡೆಯ ಮನೆತನಗಳನ್ನು ಧಾರವಾಡದ ಕೋರ್ಟಿನ ಮೆಟ್ಟಿಲು ಹತ್ತಿಸಿದವು. ಆ ಜಗಳಗಳನ್ನು ಕಾಗದಕ್ಕೆ ಇಳಿಸಿದವರು, ಓದಿ ಹೇಳಿದವರು, ಬಸ್ತಾದಲ್ಲಿ ಕಟ್ಟಿ ಕಾಯ್ದವರು ಇಲ್ಲಿಯ ವಕೀಲರು.

ಮುಂಬಯಿಯಲ್ಲಿ ಲಿಟಲ್ ಅಂಡ್ ಕಂಪನಿಯಂಥ ಸಾಲಿಸಿಟರ್ ಸಂಸ್ಥೆ 1856ರಲ್ಲೇ ಹುಟ್ಟಿಕೊಂಡಿತ್ತು. ಪಾಲುದಾರರು, ಹೆಸರಿನ ಫಲಕ, ಕಂಪನಿಗಳ ಕಕ್ಷಿ, ಬಂದರಿನ ವ್ಯವಹಾರ ಎಲ್ಲ ಅಲ್ಲಿತ್ತು. ಧಾರವಾಡದ ಕಡೆ ಆ ಮಾದರಿ ಬೇರು ಬಿಡಲಿಲ್ಲ. ಇಲ್ಲಿ ಬೆಳೆದದ್ದು ವಕೀಲರ ಆಫೀಸು. ಹೆಚ್ಚಿನ ಪಾಲು ಅದು ಮನೆಯ ಪಡಸಾಲೆಯೇ: ಒಂದು ಮೇಜು, ಗೋಡೆಗುಂಟ ಬೆಂಚು, ಕಪಾಟು ತುಂಬ ಲಾ ರಿಪೋರ್ಟು, ಮೂಲೆಯಲ್ಲಿ ಗುಮಾಸ್ತ. ಹಿರಿಯರ ಕೈಕೆಳಗೆ ಇಬ್ಬರೋ ಮೂವರೋ ಜೂನಿಯರುಗಳು. ಹಿರಿಯರಿಗೆ ವಯಸ್ಸಾದಾಗ ಕಡತಗಳು ಮಗನಿಗೆ ಹೋಗುತ್ತಿದ್ದವು, ಇಲ್ಲವೇ ನೆಚ್ಚಿನ ಜೂನಿಯರಿಗೆ. ಕಕ್ಷಿದಾರರೂ ಹಾಗೆಯೇ. ಅಜ್ಜನ ಕಟ್ಲೆ ನಡೆಸಿದ ಆಫೀಸಿಗೇ ಮೊಮ್ಮಗನೂ ಬರುತ್ತಾನೆ. ಬಾರ್ ಕೌನ್ಸಿಲ್ ನಿಯಮ 36 ವಕೀಲರಿಗೆ ಜಾಹೀರಾತು ನಿಷೇಧಿಸಿದೆ, ಬಾಗಿಲ ಫಲಕವೂ ಮಿತಿಯಲ್ಲಿರಬೇಕು ಎನ್ನುತ್ತದೆ. ಹೀಗಾಗಿ ಈ ಆಫೀಸುಗಳ ಕೀರ್ತಿ ಸಂತೆಯಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯ ಮಾತಿನಲ್ಲಿ ಹರಡಿತು.

ಈ ವಕೀಲಿಕೆಯ ಮೂಲ ಪೇಶ್ವೆಗಳ ಪತನದಲ್ಲಿದೆ. 1817–18ರಲ್ಲಿ ಕಂಪನಿಯ ಅಧಿಕಾರಿ ಥಾಮಸ್ ಮನ್ರೋ ದಕ್ಷಿಣ ಮರಾಠಾ ಸೀಮೆಯನ್ನು ಹಿಡಿದಾಗ ಊರಿನ ವ್ಯಾಜ್ಯಗಳನ್ನು ಪಂಚಾಯತಿಗಳೇ ಬಗೆಹರಿಸುತ್ತಿದ್ದವು. ಮನ್ರೋಗೂ ಪಂಚಾಯತಿಯ ಮೇಲೆ ನಂಬಿಕೆಯಿತ್ತು. ಆದರೆ ಗವರ್ನರ್ ಎಲ್ಫಿನ್‌ಸ್ಟನ್ ಕಾಲದ 1827ರ ಬಾಂಬೆ ರೆಗ್ಯುಲೇಶನ್‌ಗಳು ಬಂದ ಮೇಲೆ ದಾರಿ ಬದಲಾಯಿತು. ಜಿಲ್ಲಾ ಅದಾಲತ್ತು, ಸನದು ಪಡೆದ ವಕೀಲರು, ಲಿಖಿತ ಫಿರ್ಯಾದಿ, ಸ್ಟ್ಯಾಂಪು ಇವೆಲ್ಲ ವ್ಯವಸ್ಥೆಯ ಭಾಗವಾದವು. 1846ರ ಕಾಯ್ದೆ ಈ ವೃತ್ತಿಯನ್ನು ಎಲ್ಲ ಮತದವರಿಗೂ ತೆರೆಯಿತು. 1862ರಲ್ಲಿ ಬಾಂಬೆ ಹೈಕೋರ್ಟ್ ಬಂತು, 1869ರ ಸಿವಿಲ್ ಕೋರ್ಟುಗಳ ಕಾಯ್ದೆಯಿಂದ ಮುನ್ಸೀಫರ ಜಾಗದಲ್ಲಿ ಸಬಾರ್ಡಿನೇಟ್ ಜಡ್ಜರು ಕುಳಿತರು. ಅಂದಿನಿಂದ 1956ರವರೆಗೆ ಈ ಸೀಮೆಯ ಅಪೀಲು ಹೋಗುತ್ತಿದ್ದುದು ಮುಂಬಯಿಗೆ. ಅದಕ್ಕೂ ಮೇಲೆ, ಬ್ರಿಟಿಷರ ಕಾಲದಲ್ಲಿ ಹಣವಿದ್ದವರಿಗೆ, ಲಂಡನ್ನಿನ ಪ್ರಿವಿ ಕೌನ್ಸಿಲ್.

ಆ ಕಾಲದ ವಕೀಲನಿಗೆ ಕಾಯ್ದೆಗಿಂತ ಮೊದಲು ಬೇಕಾದದ್ದು ಅಕ್ಷರ. ಹಳೆಯ ಸನದು, ಕೌಲು, ಖರೀದಿಪತ್ರಗಳು ಮೋಡಿ ಲಿಪಿಯಲ್ಲಿದ್ದವು. ದಫ್ತರದ ವ್ಯವಹಾರ ಮರಾಠಿಯಲ್ಲಿ. ಮೇಲಿನ ಕೋರ್ಟಿನ ಭಾಷೆ ಇಂಗ್ಲಿಷು. ಪಕ್ಷಗಾರ ಮಾತಾಡುವುದು ಕನ್ನಡ. ಅಣ್ಣಿಗೇರಿಯ ಒಬ್ಬ ಒಕ್ಕಲಿಗ ತನ್ನ ಹೊಲದ ಬದುವಿನ ಬಗ್ಗೆ ಹೇಳಿದ ಮಾತು ನ್ಯಾಯಾಧೀಶನ ಕಿವಿಗೆ ಬೀಳುವಷ್ಟರಲ್ಲಿ ಎರಡು ಭಾಷೆ ದಾಟುತ್ತಿತ್ತು. ಬ್ರಿಟಿಷ್ ಅಧಿಕಾರಿ ವಾಲ್ಟರ್ ಎಲಿಯಟ್ 1830ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಶಾಲೆಗೆ ನಾಂದಿ ಹಾಡಿದ್ದು, ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ಹಿಡಿತದಿಂದ ಕನ್ನಡ ಶಿಕ್ಷಣವನ್ನು ಬಿಡಿಸಲು ಹೆಣಗಿದ್ದು, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇವನ್ನೆಲ್ಲ ಸಾಹಿತ್ಯದ ಚರಿತ್ರೆಯಲ್ಲಿ ಓದುವುದು ರೂಢಿ. ಕೋರ್ಟಿನ ಕಟಕಟೆಯಲ್ಲಿ ನಿಂತ ರೈತನಿಗೂ ಆ ಹೋರಾಟದ ಫಲ ತಲುಪಿತು. ಕನ್ನಡ ಕಲಿತ ಕಾರಕೂನರು, ಕನ್ನಡದಲ್ಲಿ ಅರ್ಜಿ ಬರೆಯುವವರು, ಕನ್ನಡದಲ್ಲೇ ಸಾಕ್ಷಿ ಬರೆದುಕೊಳ್ಳುವವರು ಹುಟ್ಟಿದ್ದು ಆ ಶಾಲೆಗಳಿಂದ.

ನವಲಗುಂದದ ಎರೆಭೂಮಿ ವಕೀಲಿಕೆಗೆ ಕೆಲಸ ಕೊಟ್ಟ ಬಗೆಯನ್ನು ನೋಡಿದರೆ ಆರ್ಥಿಕ ಚರಿತ್ರೆ ಬಿಚ್ಚಿಕೊಳ್ಳುತ್ತದೆ. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್‌ನ ಸರ್ವೆ ಈ ಸೀಮೆಗೆ ಬಂತು. ಹೊಲಕ್ಕೆ ನಂಬರು ಬಿತ್ತು, ಕಲ್ಲು ನೆಟ್ಟರು, ಕಂದಾಯ ಗೊತ್ತುಮಾಡಿದರು. ಗೊತ್ತಾದ ಕಂದಾಯವಿದ್ದ ಹೊಲವನ್ನು ಮಾರಬಹುದು, ಒತ್ತೆ ಇಡಬಹುದು. ಅದೇ ದಶಕಗಳಲ್ಲಿ ಧಾರವಾಡ-ಅಮೆರಿಕನ್ ಹತ್ತಿ ಹಬ್ಬಿತು. 1861–65ರ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ಹತ್ತಿಯ ದರ ಏರಿತು, ಯುದ್ಧ ಮುಗಿದ ಮೇಲೆ ಬಿತ್ತು. ಏರಿದಾಗ ಮಾಡಿದ ಸಾಲವನ್ನು ಬಿದ್ದಾಗ ತೀರಿಸಲಾಗದ ರೈತರು ಸಾವಕಾರರ ದಾವೆಗೆ ಗುರಿಯಾದರು. 1875ರ ದಖನ್ ದಂಗೆಗಳ ನಂತರ 1879ರಲ್ಲಿ ಬಂದ ದಖನ್ ಕೃಷಿಕರ ಪರಿಹಾರ ಕಾಯ್ದೆ ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಜಿಲ್ಲೆಗಳಿಗಷ್ಟೇ ಸೀಮಿತವಾಗಿತ್ತು. ಧಾರವಾಡದ ರೈತ ಆಗ ಅದರ ನೆರಳಿನ ಹೊರಗೇ ಉಳಿದ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದ್ದು ಇದೇ ಸಂಕಟದ ನೆಲದಲ್ಲಿ. ಆಗ ಕಣಗಿನಹಾಳ ಧಾರವಾಡ ಜಿಲ್ಲೆಯ ಹಳ್ಳಿಯೇ.

ವತನದ ಮನೆತನಗಳ ಕಟ್ಲೆಗಳು ಇನ್ನೊಂದು ಬಗೆಯವು. ಗೌಡಕಿ, ಕುಲಕರ್ಣಿಕಿ, ದೇಸಗತಿ ಯಾವುದೇ ಇರಲಿ, ಗಂಡು ವಾರಸುದಾರ ಇಲ್ಲದೆ ಮನೆಯ ಯಜಮಾನ ಸತ್ತರೆ ವಿಧವೆ ದತ್ತು ತೆಗೆದುಕೊಳ್ಳಬೇಕು. ಮೈದುನರು ಅದನ್ನು ಒಪ್ಪುವುದಿಲ್ಲ. ಅವಿಭಕ್ತ ಕುಟುಂಬದ ವಿಧವೆ ಗಂಡನ ಅಣ್ಣತಮ್ಮಂದಿರ ಒಪ್ಪಿಗೆಯಿಲ್ಲದೆ ದತ್ತು ಪಡೆಯಲಾರಳು ಎಂಬುದು ಬಾಂಬೆ ಹೈಕೋರ್ಟ್ 1879ರಿಂದ ಹಿಡಿದುಕೊಂಡು ಬಂದ ನಿಲುವು. 1930ರ ದಶಕದ ಆರಂಭದಲ್ಲಿ ಭೀಮಾಬಾಯಿ ವಿರುದ್ಧ ಗುರುನಾಥಗೌಡ ಎಂಬ ಅಪೀಲಿನಲ್ಲಿ ಪ್ರಿವಿ ಕೌನ್ಸಿಲ್ ಆ ನಿಲುವನ್ನು ತಳ್ಳಿಹಾಕಿತು. ವಿಧವೆಯ ದತ್ತಕಾಧಿಕಾರ ಮೈದುನರ ಮರ್ಜಿಗೆ ಕಟ್ಟುಬಿದ್ದದ್ದಲ್ಲ ಎಂದಿತು. ಕನ್ನಡದ ಹೆಣ್ಣುಮಗಳೊಬ್ಬಳ ಹೆಸರು ಹೊತ್ತ ಈ ತೀರ್ಪು ಮುಂದೆ ಬಾಂಬೆ ಪ್ರಾಂತ್ಯದ ಸಾವಿರಾರು ಹಳ್ಳಿಗಳ ಆಸ್ತಿಯ ಹಾದಿ ಬದಲಿಸಿತು. ಬಾಬಾಸಾಹೇಬನಿಗೆ ಸಿಗದೆ ಹೋದ ಹಕ್ಕು ಅದು. ಮನೆಯ ಒಳಗಿನ ಹೆಣ್ಣಿಗೆ ಎಪ್ಪತ್ತು ವರ್ಷ ದಾಟಿದ ಮೇಲೆ ದಕ್ಕಿತು.

ಕುಂದಗೋಳದ ಕಥೆ ಬೇರೆ. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರದಲ್ಲಿದ್ದರೂ ಅದು ಬ್ರಿಟಿಷ್ ಜಿಲ್ಲೆಯ ಊರಲ್ಲ, ಜಮಖಂಡಿ ಸಂಸ್ಥಾನದ ತಾಲೂಕು. ಗಾಯಕ ಸವಾಯಿ ಗಂಧರ್ವರನ್ನು ಪೋಷಿಸಿದ ಅದೇ ಊರಿನ ಜನ ತಮ್ಮ ದೊಡ್ಡ ವ್ಯಾಜ್ಯಕ್ಕೆ ಪಕ್ಕದ ಹುಬ್ಬಳ್ಳಿಯನ್ನು ಬಿಟ್ಟು ದೂರದ ಜಮಖಂಡಿ ದರಬಾರಿನ ಕಡೆ ಮುಖ ಮಾಡಬೇಕಿತ್ತು. 1948ರ ಮಾರ್ಚ್ 8ರಂದು ಜಮಖಂಡಿ ಬಾಂಬೆ ಪ್ರಾಂತ್ಯದಲ್ಲಿ ವಿಲೀನವಾಯಿತು. ಆ ಹೊತ್ತಿಗೆ ಸಂಸ್ಥಾನದ ದಿವಾನರಾಗಿದ್ದವರು ಜಮಖಂಡಿಯಲ್ಲೇ ವಕೀಲಿಕೆ ಆರಂಭಿಸಿದ್ದ ಬಿ. ಡಿ. ಜತ್ತಿ, ಮುಂದೆ ಮೈಸೂರಿನ ಮುಖ್ಯಮಂತ್ರಿ, ದೇಶದ ಉಪರಾಷ್ಟ್ರಪತಿ. ವಿಲೀನದ ನಂತರ ಜತ್ತಿ ಕೆಲಕಾಲ ಮತ್ತೆ ಕರಿಕೋಟು ತೊಟ್ಟರು. ಕುಂದಗೋಳದ ಕಡತಗಳು ಧಾರವಾಡ ಜಿಲ್ಲೆಯ ಕೋರ್ಟುಗಳ ಕಡೆ ತಿರುಗಿದವು.

ವಕೀಲರ ಆಫೀಸು ರಾಜಕಾರಣದ ಶಾಲೆಯೂ ಆಗಿತ್ತು. ಆಲೂರು ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು ಧಾರವಾಡದಲ್ಲಿ ವಕೀಲಿಕೆಗೆ ಕುಳಿತವರು. ಏಕೀಕರಣದ ಕೆಲಸ ಅವರನ್ನು ಕೋರ್ಟಿನಿಂದ ಎಳೆದುಕೊಂಡಿತು. 1917ರಲ್ಲಿ ‘ಕರ್ನಾಟಕ ಗತವೈಭವ’ ಬಂತು. ಹುಬ್ಬಳ್ಳಿಯಲ್ಲಿ ವಕೀಲಿಕೆ ನಡೆಸಿದ ಸರ್ ಸಿದ್ದಪ್ಪ ಕಂಬಳಿಯವರು ಬಾಂಬೆ ಪ್ರಾಂತ್ಯದ ಮಂತ್ರಿಯಾದರು. ಅಸಹಕಾರದ ಕರೆಗೆ ಕೆಲವರು ಕೋರ್ಟು ಬಿಟ್ಟರು, ಕೆಲವರು ಕೋರ್ಟಿನಲ್ಲೇ ನಿಂತು ಚಳವಳಿಗಾರರ ಪರ ವಾದಿಸಿದರು. 1921ರ ಜುಲೈ 1ರಂದು ಧಾರವಾಡದ ಸಾರಾಯಿ ಅಂಗಡಿಯ ಎದುರು ಪೊಲೀಸರು ಗುಂಡು ಹಾರಿಸಿ ಮೂವರು ಸತ್ತಾಗ, ಆಮೇಲೆ ಮೊಕದ್ದಮೆ ಬಿದ್ದದ್ದು ಚಳವಳಿಗಾರರ ಮೇಲೆಯೇ. ಈ ಎರಡೂ ಬಗೆಯ ವಕೀಲರು ನಾಡಿಗೆ ಬೇಕಿದ್ದರು. ಬಿಟ್ಟುಹೋದವರನ್ನಷ್ಟೇ ಹೊಗಳಿ, ಉಳಿದು ವಾದಿಸಿದವರನ್ನು ಮರೆಯುವುದು ನ್ಯಾಯವಲ್ಲ.

ಬಹುಕಾಲ ಈ ವೃತ್ತಿಗೆ ಬರುವುದೆಂದರೆ ಪುಣೆಗೋ ಮುಂಬಯಿಗೋ ಹೋಗಿ ಓದಬಲ್ಲ ಮನೆತನದವರ ಮಾತಾಗಿತ್ತು. 1939ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ ರಾಜಾ ಲಖಮಗೌಡ ಕಾನೂನು ಕಾಲೇಜು ತೆರೆದಾಗ ಆ ಬಾಗಿಲು ಸ್ವಲ್ಪ ಅಗಲವಾಯಿತು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ. ಎಸ್. ವೆಂಕಟರಾಮಯ್ಯನವರು ಅಲ್ಲಿಯ ವಿದ್ಯಾರ್ಥಿ. 1961ರ ವಕೀಲರ ಕಾಯ್ದೆ ಪ್ಲೀಡರು, ಮುಖ್ತ್ಯಾರ, ಹೈಕೋರ್ಟ್ ವಕೀಲ ಎಂಬ ಹಳೆಯ ಶ್ರೇಣಿಗಳನ್ನು ಅಳಿಸಿ ಒಂದೇ ವರ್ಗ ಮಾಡಿತು. 1962ರಲ್ಲಿ ಧಾರವಾಡದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಬಂತು. ಈಗ ಅದಕ್ಕೆ ಸಿದ್ದಪ್ಪ ಕಂಬಳಿಯವರ ಹೆಸರಿದೆ. ನವಲಗುಂದದ ಹಳ್ಳಿಯ ಹುಡುಗ ಊರಿನಿಂದ ಬುತ್ತಿ ತರಿಸಿಕೊಂಡು ಕಾನೂನು ಓದುವುದು ಆಗ ಸಾಧ್ಯವಾಯಿತು. ಓದು ಮುಗಿಸಿದ ಮೇಲೆ ಹಿರಿಯರ ಆಫೀಸು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದ ಮೋಹನ ಶಾಂತನಗೌಡರ ಅವರು ಹಿರೇಕೆರೂರು ಕಡೆಯವರು. 1980ರಲ್ಲಿ ಸನ್ನದು ಪಡೆದ ಮೇಲೆ ಧಾರವಾಡದ ಹಿರಿಯರೊಬ್ಬರ ಚೇಂಬರಿನಲ್ಲಿ ಕೆಲಸ ಕಲಿತು, ಬೆಂಗಳೂರಿಗೆ ಹೋಗಿ ಶಿವರಾಜ ಪಾಟೀಲರ ಚೇಂಬರ್ ಸೇರಿದರು. ಪಾಟೀಲರೂ ಮುಂದೆ ಸುಪ್ರೀಂ ಕೋರ್ಟ್ ಪೀಠ ಏರಿದರು. ಕಾಲೇಜು ಪದವಿ ಕೊಡುತ್ತದೆ. ದಾವೆಯ ಕರಡು ಬರೆಯುವ ಕೈ, ಸಾಕ್ಷಿಗೆ ಪ್ರಶ್ನೆ ಕೇಳುವ ಹದ ಇಂದಿಗೂ ಹಿರಿಯರ ಪಕ್ಕದಲ್ಲಿ ಕೂತೇ ಬರಬೇಕು.

1956ರ ನವೆಂಬರ್ 1 ಈ ಆಫೀಸುಗಳ ದಿಕ್ಕನ್ನೇ ತಿರುಗಿಸಿತು. ಏಕೀಕರಣ ಬಂತು, ಜನ ಸಂಭ್ರಮಿಸಿದರು. ಆದರೆ ಈ ಸೀಮೆಯ ಹೈಕೋರ್ಟ್ ಮುಂಬಯಿ ಬಿಟ್ಟು, ಧಾರವಾಡದಿಂದ ಸುಮಾರು 430 ಕಿ.ಮೀ. ದೂರದ ಬೆಂಗಳೂರಿಗೆ ಹೋಯಿತು. ತಲೆಮಾರಿನಿಂದ ಮುಂಬಯಿಯ ವಕೀಲರೊಡನೆ ಇದ್ದ ನಂಟು ಕಡಿಯಿತು. ಹಳೇ ಮೈಸೂರಿನ ಕಾಯ್ದೆ ಬೇರೆ, ಇಲ್ಲಿ ಜಾರಿಯಲ್ಲಿದ್ದ ಬಾಂಬೆ ಕಾಯ್ದೆ ಬೇರೆ. ಎರಡನ್ನೂ ಬಲ್ಲವರ ಬೆಲೆ ಏರಿತು.

ಅಷ್ಟರಲ್ಲಾಗಲೇ ನೆಲದ ಒಡೆತನದ ಬುಡವೇ ಅಲುಗಾಡತೊಡಗಿತ್ತು. 1948ರ ಬಾಂಬೆ ಗೇಣಿ ಕಾಯ್ದೆ, 1950ರ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ, 1952ರ ಖಾಸಗಿ ಇನಾಂ ರದ್ದತಿ ಕಾಯ್ದೆ ಒಂದರ ಹಿಂದೆ ಒಂದು ಬಂದವು. 1963ರ ಫೆಬ್ರವರಿ 1ರಿಂದ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಜಾರಿಯಾಗಿ ಪಾಟೀಲಕಿಯಿಂದ ವಾಲೀಕಾರಕಿಯವರೆಗಿನ ವತನಗಳು ಕೊನೆಗೊಂಡವು. ವತನ ಹೋದರೂ ವತನದ ಹೊಲ ಉಳಿಯಿತು. ಅದು ಯಾರಿಗೆ ಮರುಮಂಜೂರಾಗಬೇಕು, ಮನೆತನದಲ್ಲಿ ಯಾರ ಪಾಲೆಷ್ಟು ಎಂಬ ಪ್ರಶ್ನೆಗಳು ಇಂದಿಗೂ ಮೇಲ್ಮನವಿಗಳಲ್ಲಿ ಬರುತ್ತಿವೆ.

1974ರ ಮಾರ್ಚ್ 1 ಮಾತ್ರ ಇವೆಲ್ಲವನ್ನೂ ಮೀರಿದ ದಿನ. ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆಯ ಪ್ರಕಾರ ಅಂದು ಗೇಣಿಯಲ್ಲಿದ್ದ ಎಲ್ಲ ಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7 ತುಂಬಿ ತನ್ನ ಹಕ್ಕು ಕೇಳಬೇಕು. ಮೊದಲಿಗೆ 1974ರ ಡಿಸೆಂಬರ್ 31ಕ್ಕೆ ಇದ್ದ ಗಡುವು ಬೆಳೆಯುತ್ತ 1979ರ ಜೂನ್ 30ರವರೆಗೆ ಹೋಯಿತು. ತೀರ್ಮಾನ ಭೂನ್ಯಾಯಮಂಡಳಿಯದು: ಅಸಿಸ್ಟಂಟ್ ಕಮಿಷನರ್ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಶತಮಾನಗಳಿಂದ ಬೇರೆಯವರ ಹೊಲ ಉತ್ತವರ ಹೆಸರು ಪಹಣಿಗೆ ಬಂದದ್ದು ಈ ಕಾಯ್ದೆಯಿಂದ. ಧಾರವಾಡ ಜಿಲ್ಲೆಯ ಹಳ್ಳಿಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾನೂನು ಘಟನೆ ಇಪ್ಪತ್ತನೇ ಶತಮಾನದಲ್ಲಿ ಇಲ್ಲ.

ಆದರೆ ಆ ಮಂಡಳಿಯ ಎದುರು ವಕೀಲರಿಗೆ ಪ್ರವೇಶವಿರಲಿಲ್ಲ. ಕಾಯ್ದೆಯ 48(8)ನೇ ಕಲಂ ಅದನ್ನು ನಿಷೇಧಿಸಿತ್ತು. ಹಣವಂತ ಭೂಮಾಲೀಕ ದೊಡ್ಡ ವಕೀಲರನ್ನು ತಂದು ಬಡ ಗೇಣಿದಾರನನ್ನು ಸೋಲಿಸಬಾರದು ಎಂಬ ಕಾಳಜಿ ಇದರ ಹಿಂದಿತ್ತು. ಆ ಕಾಳಜಿ ಸುಳ್ಳಲ್ಲ. ಆದರೂ ಮಂಡಳಿ ಮೊದಲು ನೋಡುತ್ತಿದ್ದುದು ಪಹಣಿಯ 12(2)ನೇ ಕಾಲಂ, ಅಂದರೆ ಸಾಗುವಳಿದಾರನ ಹೆಸರು. ಅಲ್ಲಿ ಯಾರ ಹೆಸರಿದೆ, ಯಾವ ವರ್ಷದಿಂದ ಇದೆ, ನಡುವೆ ಯಾಕೆ ಬದಲಾಯಿತು, ಆ ಬದಲಾವಣೆಗೆ ಡೈರಿ ಆಗಿತ್ತೇ ಎಂಬುದನ್ನು ಬಿಡಿಸಿ ಹೇಳಲು ಅಕ್ಷರ ಬಾರದ ಗೇಣಿದಾರನಿಗೆ ಆಗುತ್ತಿರಲಿಲ್ಲ. ಗೇಣಿ ಬಾಯಿಮಾತಿನದು, ರಸೀದಿ ಇಲ್ಲ, ಸಾಕ್ಷಿ ಹೇಳಬೇಕಾದ ಅಕ್ಕಪಕ್ಕದ ಹೊಲದವರು ಧಣಿಗೆ ಅಂಜುವವರು. ಮಂಡಳಿಯ ಒಳಗೆ ಬರಲಾಗದ ವಕೀಲ ಹೊರಗೆ ಕೂತು ಹೇಳಿಕೆ ಬರೆದುಕೊಟ್ಟ. ಆದೇಶ ಬಂದ ಮೇಲೆ ಸೋತವರು ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು, ಅಲ್ಲಿ ವಕೀಲರಿಗೆ ತಡೆಯಿರಲಿಲ್ಲ. ಆ ಖರ್ಚು ತಡೆಯುವ ತಾಕತ್ತು ಯಾರಿಗಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿದು, ವಕೀಲರನ್ನು ತಡೆದ ಆ ಕಲಮನ್ನು ಮಾತ್ರ ರದ್ದು ಮಾಡಿತು. ಅಷ್ಟರಲ್ಲಿ ಎಷ್ಟೋ ಅರ್ಜಿಗಳ ಹಣೆಬರಹ ತೀರ್ಮಾನವಾಗಿ ಹೋಗಿತ್ತು. ಬಡವನಿಗೆ ವಕೀಲನನ್ನು ಒದಗಿಸಬೇಕಿದ್ದ ಕಡೆ ವಕೀಲನನ್ನೇ ಹೊರಗಿಟ್ಟದ್ದು ತಪ್ಪು ದಾರಿ.

ಮಲಪ್ರಭೆಯ ನೀರು ಬಂದಾಗ ಕೋರ್ಟಿನ ಕೆಲಸ ಇನ್ನೊಂದು ಬಗೆಯಲ್ಲಿ ಬೆಳೆಯಿತು. ನವಿಲುತೀರ್ಥದ ಜಲಾಶಯದಿಂದ ಕಾಲುವೆ ತೋಡಲು ಹೊಲ ಹೋದವರು ಪರಿಹಾರ ಕಡಿಮೆಯಾಯಿತೆಂದು 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನಡಿ ಹೆಚ್ಚುವರಿ ಪರಿಹಾರ ಕೇಳಬಹುದಿತ್ತು. ನೀರು ಬರುವ ಮೊದಲೇ ಸರ್ಕಾರ ಅಭಿವೃದ್ಧಿ ಕರ ಕೇಳಿತು. ಕಾಲುವೆಯ ಕೊನೆಯ ಹೊಲಗಳಿಗೆ ನೀರಿಲ್ಲ, ಕರದ ನೋಟೀಸು ಮಾತ್ರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಪೊಲೀಸರ ಗುಂಡಿಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಲಿಯಾದರು. ನರಗುಂದದಲ್ಲಿ ಪೊಲೀಸರೂ ಸತ್ತರು. ಅಲ್ಲಿಂದ ಎದ್ದ ರೈತ ಚಳವಳಿ ಗುಂಡೂರಾವ್ ಸರ್ಕಾರದ ಬುಡ ಅಲುಗಿಸಿತು. ಮೂವತ್ತಾರು ವರ್ಷಗಳ ನಂತರ, 2016ರ ಜುಲೈ ಕೊನೆಯಲ್ಲಿ, ಮಹದಾಯಿ ನದಿನೀರಿನ ನ್ಯಾಯಮಂಡಳಿ ಮಧ್ಯಂತರ ಪರಿಹಾರ ನಿರಾಕರಿಸಿದಾಗ ಅದೇ ನವಲಗುಂದ ಮತ್ತೆ ಹೊತ್ತಿಕೊಂಡಿತು. ಯಮನೂರಿನ ಮನೆಮನೆಗೆ ಪೊಲೀಸರು ನುಗ್ಗಿ ಬಡಿದದ್ದನ್ನು ನಾಡೇ ನೋಡಿತು. ರೈತರ ಮೇಲೆ ಮೊಕದ್ದಮೆಗಳು ಬಿದ್ದವು. ನೀರಿಗಾಗಿ ನಡೆದ ಚಳವಳಿಯ ಕೊನೆಯ ಹಂತ ಎರಡೂ ಸಲ ಜಾಮೀನು ಅರ್ಜಿಯೇ ಆಯಿತು.

ಈ ಸೀಮೆಯ ಹೆಸರು ಹೊತ್ತು ದಿಲ್ಲಿಗೆ ಹೋದ ಎರಡು ಕಟ್ಲೆಗಳನ್ನು ಇಲ್ಲಿ ನೆನೆಯಬೇಕು. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಹೂಡಿದ ಮೊಕದ್ದಮೆಯಲ್ಲಿ 1990ರ ಫೆಬ್ರವರಿಯಲ್ಲಿ ಬಂದ ತೀರ್ಪಿನಿಂದ ಕರ್ನಾಟಕದ ಸಾವಿರಾರು ದಿನಗೂಲಿ ನೌಕರರಿಗೆ ಕಾಯಮಾಗುವ ದಾರಿ ತೆರೆಯಿತು. ಇನ್ನೊಂದು, ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಎಸ್. ಆರ್. ಬೊಮ್ಮಾಯಿ ಪ್ರಕರಣ. ಶಿಗ್ಗಾವಿ ತಾಲೂಕಿನ ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ವಕೀಲಿಕೆ ನಡೆಸಿದ ಬೊಮ್ಮಾಯಿಯವರ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ಸದನದಲ್ಲೇ ಸಾಬೀತಾಗಬೇಕು, ರಾಷ್ಟ್ರಪತಿ ಆಡಳಿತದ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಅವರ ಕುರ್ಚಿ ಮರಳಿ ಬರಲಿಲ್ಲ. ಅವರ ನಂತರ ಬಂದ ಎಷ್ಟೋ ರಾಜ್ಯ ಸರ್ಕಾರಗಳಿಗೆ ಆ ತೀರ್ಪು ರಕ್ಷಣೆಯಾಯಿತು.

ದೊಡ್ಡ ತೀರ್ಪುಗಳು ಇರಲಿ, ಹಳ್ಳಿಯ ಕಡೆಯ ಆಫೀಸಿನ ದಿನನಿತ್ಯದ ಅನ್ನ ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ದಾವೆ. ಅದನ್ನು ಹತ್ತಿರದಿಂದ ನೋಡಬೇಕು. ಪಕ್ಷಗಾರ ಕ್ಯಾರಿಬ್ಯಾಗಿನಲ್ಲಿ ಉತಾರಗಳನ್ನು ಹಿಡಿದು ಬರುತ್ತಾನೆ. ವಕೀಲರು ಮೊದಲು ವಂಶಾವಳಿ ಬರೆಸುತ್ತಾರೆ: ಮೂಲಪುರುಷ, ಅವನ ಮಕ್ಕಳು, ಸತ್ತವರು, ಇದ್ದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಒಂದು ಹೆಸರು ಬಿಟ್ಟರೂ ಮುಂದೆ ದಾವೆ ಕುಂಟುತ್ತದೆ. ಆಮೇಲೆ ಆಸ್ತಿಯ ಷೆಡ್ಯೂಲು: ರಿ.ಸ. ನಂಬರು, ಹಿಸ್ಸಾ, ಎಕರೆ-ಗುಂಟೆ, ಆಕಾರ, ನಾಲ್ಕು ದಿಕ್ಕಿನ ಚಕ್ಕುಬಂದಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ದೊಡ್ಡಪ್ಪನ ಹೊಲ, ಉತ್ತರಕ್ಕೆ ಬಂಡಿಜಾಡು. ಹಿರಿಯರ ಆಸ್ತಿಯೋ ಸ್ವಯಾರ್ಜಿತವೋ, ಹಿಂದೆಯೇ ಬಾಯಿಮಾತಿನ ವಾಟ್ನಿ ಆಗಿತ್ತೋ, ಆಗಿದ್ದರೆ ವರ್ದಿ ಕೊಟ್ಟವರು ಯಾರು ಎಂಬುದರ ಮೇಲೆ ವರ್ಷಗಟ್ಟಲೆ ಸಾಕ್ಷಿ ನಡೆಯುತ್ತದೆ. ಗೆದ್ದರೆ ಸಿಗುವುದು ಪ್ರಾಥಮಿಕ ಡಿಕ್ರಿ, ಅಂದರೆ ಯಾರಿಗೆ ಎಷ್ಟು ಪಾಲು ಎಂಬ ಘೋಷಣೆಯಷ್ಟೇ. ಹೊಲ ಕೈಗೆ ಬರಬೇಕಾದರೆ ಅಂತಿಮ ಡಿಕ್ರಿಗೆ ಮತ್ತೆ ಅರ್ಜಿ ಹಾಕಬೇಕು. ಹಿಂದೆ ಆ ಕಾಗದ ಕಲೆಕ್ಟರ್ ಕಚೇರಿಗೆ ಹೋಗಿ, ಅಲ್ಲಿಂದ ಸರ್ವೆಯವರಿಗೆ ಹೋಗಿ, ಅಳತೆಗೆ ಕಾಯುತ್ತಿತ್ತು. ಮುಂದೆ ಬಂದ ರಾಜ್ಯ ತಿದ್ದುಪಡಿ ಈ ಕೆಲಸವನ್ನು ಕೋರ್ಟಿಗೇ ಒಪ್ಪಿಸಿತು. ಆದರೂ ಅಳತೆಯ ಸರಪಳಿ ಹೊಲಕ್ಕೆ ಬೀಳುವವರೆಗೆ ದಾವೆ ಹೂಡಿದವನು ಬದುಕಿದ್ದರೆ ಪುಣ್ಯ. ಎಷ್ಟೋ ಕಡತಗಳಲ್ಲಿ ಅವನ ಜಾಗದಲ್ಲಿ ಮಕ್ಕಳ ಹೆಸರು ಬಂದಿರುತ್ತದೆ.

ಫೀಸೂ ಮಳೆ-ಬೆಳೆಯ ಲೆಕ್ಕದ್ದು. ನವಲಗುಂದದವರು ಹೆಸರು, ಕಡಲೆ, ಹತ್ತಿ ಮಾರಿದ ಮೇಲೆ, ಕುಂದಗೋಳದವರು ಮೆಣಸಿನಕಾಯಿ ಮಾರಿದ ಮೇಲೆ, ಕಲಘಟಗಿಯವರು ಭತ್ತ, ಗೋವಿನಜೋಳ ಮಾರಿದ ಮೇಲೆ ಕೊಡುವುದು ರೂಢಿ. ಬೆಣ್ಣಿಹಳ್ಳ ಉಕ್ಕಿ ಹೊಲ ಮುಳುಗಿದ ವರ್ಷ ವಕೀಲರ ಪುಸ್ತಕದಲ್ಲೂ ಬಾಕಿ ಬೆಳೆಯುತ್ತದೆ.

ಹೆಣ್ಣುಮಕ್ಕಳು ಈ ದಾವೆಗಳ ಸ್ವರೂಪ ಬದಲಿಸಿದ್ದಾರೆ. ಮೊದಲೆಲ್ಲ ಅವರು ಪ್ರತಿವಾದಿಗಳ ಸಾಲಿನಲ್ಲಿ ಹೆಸರಿಗಷ್ಟೇ ಇರುತ್ತಿದ್ದರು. ಕರ್ನಾಟಕ 1994ರಲ್ಲಿ ಮಾಡಿದ ತಿದ್ದುಪಡಿ, ಮದುವೆಯಾಗದ ಮಗಳಿಗೆ ಹುಟ್ಟಿನಿಂದಲೇ ಪಾಲಿನ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರ ಕಾಯ್ದೆ ಮದುವೆಯಾದವರಿಗೂ ಅದನ್ನು ಹಬ್ಬಿಸಿತು. ಅದರ ಅರ್ಥದ ಬಗ್ಗೆ ದೇಶ ಕಂಡ ದೊಡ್ಡ ತಕರಾರುಗಳು ಹುಟ್ಟಿದ್ದು ಈ ಉತ್ತರ ಕರ್ನಾಟಕದಲ್ಲೇ. ಬೆಳಗಾವಿಯಲ್ಲಿ 1992ರಲ್ಲಿ ಹೂಡಿದ ಫೂಲಾವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಒಂದು ಹೇಳಿತು. ವಿಜಯಪುರ ಜಿಲ್ಲೆಯಿಂದ ಹೋದ ದಾನಮ್ಮ ಪ್ರಕರಣದಲ್ಲಿ 2018ರಲ್ಲಿ ಬೇರೆ ಹೇಳಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು, 2005ರಲ್ಲಿ ತಂದೆ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಎಂದು ಇತ್ಯರ್ಥಪಡಿಸಿತು. ನಾಗರಪಂಚಮಿಗೆ ತವರಿಗೆ ಬಂದು ಹೋಗುತ್ತಿದ್ದ ಅಕ್ಕತಂಗಿಯರು ಈಗ ಪಾಲು ಕೇಳಿ ವಕೀಲರಲ್ಲಿಗೂ ಬರುತ್ತಾರೆ. ಅವರನ್ನು ಮನೆಮುರುಕಿಯರೆಂದು ಜರೆಯುವ ಮಾತು ಇನ್ನೂ ನಿಂತಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ಕೇಳುವುದು ಯಾವ ಮನೆಯನ್ನೂ ಮುರಿಯುವುದಿಲ್ಲ.

ಬೆಂಗಳೂರಿನ ದಾರಿ ಸವೆಸಿ ದಣಿದ ಉತ್ತರ ಕರ್ನಾಟಕದ ವಕೀಲರು ಹೈಕೋರ್ಟ್ ಪೀಠಕ್ಕಾಗಿ ಬಹಳ ವರ್ಷ ಹೋರಾಡಿದರು. ಕಲಾಪ ಬಹಿಷ್ಕಾರ, ಉಪವಾಸ, ಬಂದ್ ಎಲ್ಲ ನಡೆದವು. 2008ರ ಜುಲೈ 4ರಂದು ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಯಿತು, 2013ರ ಆಗಸ್ಟ್ 24ರಂದು ಅದು ಕಾಯಂ ಆಯಿತು. ಧಾರವಾಡ, ಬೆಳಗಾವಿ, ಬಾಗಲಕೋಟೆ, ಗದಗ, ಹಾವೇರಿ, ಉತ್ತರ ಕನ್ನಡ, ಕೊಪ್ಪಳ, ಬಳ್ಳಾರಿ ಕಡೆಯ ಮೇಲ್ಮನವಿಗಳು ಇಲ್ಲಿಗೆ ಬಂದವು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂತು. ಪೀಠ ಬಂದ ಮೇಲೆ ಆಫೀಸುಗಳ ಒಳಗೂ ಬದಲಾವಣೆ ಕಾಣಿಸಿತು. ಮೊದಲು ಕೆಳಕೋರ್ಟಿನ ತೀರ್ಪು ಬಂದೊಡನೆ ಕಡತವನ್ನು ಬೆಂಗಳೂರಿನ ಪರಿಚಯದ ವಕೀಲರಿಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದ ಧಾರವಾಡ, ಹುಬ್ಬಳ್ಳಿಯ ತರುಣ ವಕೀಲರು ತಾವೇ ಹೈಕೋರ್ಟಿನಲ್ಲಿ ನಿಂತು ವಾದಿಸತೊಡಗಿದರು. ನವಲಗುಂದದ ರೈತ ಬೆಳಿಗ್ಗೆ ಬಸ್ಸು ಹತ್ತಿ ತನ್ನ ಅಪೀಲಿನ ವಾದ ಕೇಳಿ ಸಂಜೆಗೆ ಮನೆಗೆ ಮರಳಬಲ್ಲ. ಅವನ ಅಜ್ಜ ತನ್ನ ಅಪೀಲಿನ ವಾದ ಕೇಳಲು ಮುಂಬಯಿಗೆ ಹೋಗಬೇಕಿತ್ತು.

ತಾಲೂಕು ಕೋರ್ಟುಗಳ ಸುತ್ತ ಈಗ ಝೆರಾಕ್ಸ್ ಅಂಗಡಿ, ಕಂಪ್ಯೂಟರ್ ಟೈಪಿಂಗು, ಇ-ಸ್ಟ್ಯಾಂಪು. ಮುಂದಿನ ತಾರೀಖು ಮೊಬೈಲಿನಲ್ಲೇ ತಿಳಿಯುತ್ತದೆ. ಬಹುಕಾಲ ನವಲಗುಂದಕ್ಕೆ ಸೇರಿದ್ದ ಅಣ್ಣಿಗೇರಿ ಈಗ ಸ್ವಂತ ತಾಲೂಕು. ಹಳ್ಳಿಯಿಂದ ಬಂದ ತರುಣಿಯರು ಕರಿಕೋಟು ತೊಟ್ಟು ಸಾಕ್ಷಿ ನಡೆಸುತ್ತಾರೆ. ಇವೆಲ್ಲ ಸಂತೋಷದ ಸಂಗತಿ.

ಸಂಕಟದ ಸಂಗತಿಯೂ ಒಂದಿದೆ. ಕೋರ್ಟುಗಳಲ್ಲಿ ಮುಗಿದ ಕಡತಗಳನ್ನು ನಿಯಮದ ಪ್ರಕಾರ ಇಂತಿಷ್ಟು ವರ್ಷದ ಮೇಲೆ ನಾಶ ಮಾಡುತ್ತಾರೆ. ವಕೀಲರ ಮನೆಯ ಅಟ್ಟದಲ್ಲಿ ಉಳಿದ ಪ್ರತಿಗಳು ಮಾತ್ರ ಆಗ ಸಾಕ್ಷಿ. ಹಿರಿಯರು ತೀರಿಕೊಂಡು, ಮಕ್ಕಳು ಪುಣೆ-ಬೆಂಗಳೂರು ಸೇರಿ, ಹಳೆಯ ಮನೆ ಮಾರುವಾಗ ಆ ಬಸ್ತಾಗಳು ರದ್ದಿಗೆ ಹೋಗುತ್ತವೆ. ಅವುಗಳಲ್ಲಿ ಒಂದೊಂದು ಹಳ್ಳಿಯ ನಾಲ್ಕು ತಲೆಮಾರಿನ ವಂಶಾವಳಿ ಇದೆ, ಮೋಡಿಯಲ್ಲಿ ಬರೆದ ಖರೀದಿಪತ್ರಗಳಿವೆ, ಹತ್ತಿ-ಜೋಳದ ದರವಿದೆ, ವಿಧವೆಯರ ಮತ್ತು ಗೇಣಿದಾರರ ಬಾಯಿಂದಲೇ ಬಂದ ಸಾಕ್ಷಿ ಹೇಳಿಕೆಗಳಿವೆ. ಬೇರೆ ಯಾವ ಪುಸ್ತಕದಲ್ಲೂ ಅವರ ಮಾತು ಸಿಗುವುದಿಲ್ಲ. ಧಾರವಾಡದಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಪಕ್ಕದಲ್ಲೇ ಕಾನೂನು ವಿಶ್ವವಿದ್ಯಾಲಯ ಇದೆ, ತಾಲೂಕಿಗೊಂದು ವಕೀಲರ ಸಂಘವಿದೆ. ಈಗಿನವರ ಖಾಸಗಿ ವ್ಯಾಜ್ಯಗಳನ್ನು ಮುಟ್ಟುವುದು ಬೇಡ. 1956ಕ್ಕಿಂತ ಹಿಂದಿನ ಕಡತಗಳನ್ನಾದರೂ ಪಟ್ಟಿ ಮಾಡಿ, ಫೋಟೊ ತೆಗೆದು ಇಡಬಹುದು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳೆಯ ವಕೀಲರ ಮನೆತನದವರು ಅಟ್ಟ ಖಾಲಿ ಮಾಡುವ ಮುನ್ನ ಒಮ್ಮೆ ಆ ಬಸ್ತಾ ಬಿಚ್ಚಿ ನೋಡಲಿ, ರದ್ದಿಯವನನ್ನು ಕರೆಯುವ ಮೊದಲು ಪತ್ರಾಗಾರಕ್ಕೆ ಒಂದು ಫೋನ್ ಮಾಡಲಿ.